ತಂತ್ರಾಂಶಗಳ ನಡುವಣ ಸಂವಾದ

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಲ್ಲಿ ರೈತನೊಬ್ಬನು ಹೊಲವನ್ನು ಕೊಂಡನೆಂದು ಭಾವಿಸೋಣ. ಅವನ ಕ್ರಯಪತ್ರವು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಪಹಣಿಯಾದರೋ (ನಮ್ಮ ಕಡೆಯವರ ‘ಉತಾರ’) ಕಂದಾಯ ಇಲಾಖೆಯ ‘ಭೂಮಿ’ಯಲ್ಲಿದೆ. 2000-01ರ ಸುಮಾರಿಗೆ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೇರಿಸಿ ಕಟ್ಟಿದ ವ್ಯವಸ್ಥೆಯದು. ಬೇರೆ ಬೇರೆ ಇಲಾಖೆಗಳಲ್ಲಿ ಬೆಳೆದ ಇವೆರಡೂ ಒಂದೇ ಹೊಲದ ವಿಷಯವಾಗಿ ಮಾತನಾಡಿಕೊಳ್ಳುವುದು ಹೇಗೆ?

ಅಂಕಿಗಳನ್ನು ಕಳುಹಿಸುವುದೇನೂ ಕಷ್ಟವಲ್ಲ. ಅರ್ಥವನ್ನು ಕಳುಹಿಸುವುದು ಕಷ್ಟ. ಪಹಣಿಯಲ್ಲಿ 2-10 ಎಂದಿದ್ದರೆ 2 ಎಕರೆ 10 ಗುಂಟೆ ಎಂದು ಹಳ್ಳಿಯ ಹುಡುಗನೂ ಬಲ್ಲನು. ಎಕರೆಗೆ 40 ಗುಂಟೆಯಾದುದರಿಂದ ಅದು 2.25 ಎಕರೆ. ದಶಮಾಂಶವನ್ನಷ್ಟೇ ಬಲ್ಲ ತಂತ್ರಾಂಶವು 2.10 ಎಂದು ಓದಿದರೆ 6 ಗುಂಟೆ ನೆಲ ಮಾಯವಾಯಿತು!

ಇದಾದರೂ ತಿದ್ದಲು ಸುಲಭ. ನಿಯಮಗಳ ವಿಷಯ ಹಾಗಲ್ಲ. ಇಂತಹ ವ್ಯವಸ್ಥೆಗಳ ತಿಳಿವಳಿಕೆಯೆಲ್ಲ ‘ಹೀಗಿದ್ದರೆ ಹೀಗೆ ಮಾಡತಕ್ಕದ್ದು’ ಎಂಬ ನಿಯಮಗಳ ರೂಪದಲ್ಲಿರುತ್ತದೆ. ನೋಂದಣಿಯ ದೃಷ್ಟಿಯಲ್ಲಿ ಪತ್ರವು ದಾಖಲಾದೊಡನೆ ಕಾರ್ಯ ಮುಗಿಯಿತು. ಕಂದಾಯದ ದೃಷ್ಟಿಯಲ್ಲಿ ಆಗಷ್ಟೇ ಮೊದಲಾಯಿತು. ನೋಟೀಸು ಹೊರಡಿಸಿ, ತಕರಾರಿಗೆ ಅವಧಿ ಕೊಟ್ಟು, ಅನಂತರವೇ ಹಕ್ಕು ಬದಲಾವಣೆ. ಮೂರನೆಯ ವ್ಯವಸ್ಥೆಯೊಂದು ‘ನೋಂದಣಿಯಾಯಿತು’ ಎಂಬುದನ್ನು ‘ಹಕ್ಕು ಬದಲಾಯಿತು’ ಎಂದು ಅರ್ಥಮಾಡಿಕೊಂಡಿತೆನ್ನಿ. ಆ ಹೊಲದಲ್ಲಿ ಪಾಲುಳ್ಳ ತಂಗಿಯೊಬ್ಬಳು ತಕರಾರು ಸಲ್ಲಿಸುವ ಮೊದಲೇ ಅಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಮೌನವೂ ಒಂದು ತೊಡಕೇ. ಪಹಣಿಯ 11ನೆಯ ಅಂಕಣದಲ್ಲಿ ಸಾಲದ ಉಲ್ಲೇಖವಿಲ್ಲದಿದ್ದರೆ ಒಂದು ತಂತ್ರಾಂಶವು ‘ಸಾಲವಿಲ್ಲ’ ಎನ್ನಬಹುದು. ಇನ್ನೊಂದು ‘ತಿಳಿಯದು’ ಎನ್ನಬಹುದು. ತರ್ಕಶಾಸ್ತ್ರಜ್ಞನಿಗೆ ಇವೆರಡೂ ಬೇರೆ; ಸಾಲ ಕೊಡುವವನಿಗಂತೂ ಬೇರೆಯೇ.

ಇನ್ನು ಲೆಕ್ಕವನ್ನು ನೋಡಿ. ಹತ್ತು ವ್ಯವಸ್ಥೆಗಳು ಪರಸ್ಪರ ನೇರವಾಗಿ ಮಾತನಾಡಬೇಕಾದರೆ 10×9, ಅಂದರೆ 90 ಭಾಷಾಂತರ ಕ್ರಮಗಳು ಬೇಕು. ನಡುವೆ ಸಾಮಾನ್ಯ ಭಾಷೆಯೊಂದಿದ್ದರೆ, ಅದಕ್ಕೆ ಹೋಗಲು ಹತ್ತು, ಅದರಿಂದ ಬರಲು ಹತ್ತು, ಒಟ್ಟು 20 ಸಾಕು. ವಿಶ್ವವ್ಯಾಪಿ ಜಾಲದ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯು 2010ರಲ್ಲಿ ‘ರೂಲ್ ಇಂಟರ್‌ಚೇಂಜ್ ಫಾರ್ಮ್ಯಾಟ್’ ಎಂಬುದನ್ನು ಪ್ರಕಟಿಸಿದುದು ಈ ಉದ್ದೇಶದಿಂದಲೇ. ಆದರೆ ಅಲ್ಲಿಯೂ ಒಂದೇ ಭಾಷೆ ಸಾಲಲಿಲ್ಲ. ತರ್ಕನಿಯಮಗಳಿಗೆ ಒಂದು, ಕ್ರಿಯಾನಿಯಮಗಳಿಗೆ ಇನ್ನೊಂದು ಉಪಭಾಷೆಯನ್ನು ಮಾಡಿ, ಎರಡಕ್ಕೂ ಸಮಾನವಾದ ಕಿರಿದಾದ ತಿರುಳೊಂದನ್ನು ಇಟ್ಟರು. ಆ ತಿರುಳಿನಲ್ಲಿ ‘ಇಲ್ಲ’ ಎಂಬ ನಿಷೇಧಕ್ಕೆ ಎಡೆಯೇ ಇಲ್ಲ.