ಹೊಲ ನೋಡಿದಿರಿ, ಪಹಣಿ ಓದಿದಿರಾ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಎರಡರಲ್ಲೂ ದುಡ್ಡು ನೀರಿನಂತೆ ಹರಿಯುತ್ತದೆ, ಎರಡರಲ್ಲೂ ಹತ್ತು ಜನರ ಒಪ್ಪಿಗೆ ಬೇಕಾಗುತ್ತದೆ. ಹಳ್ಳಿಯಲ್ಲಿ ಒಂದು ಹೊಲವನ್ನೋ ಹಳೆಯ ಮನೆಯನ್ನೋ ಕೊಳ್ಳುವ ಕೆಲಸವೂ ಇದೇ ಸಾಲಿಗೆ ಸೇರಿದ್ದು.

ಯಾದಗಿರಿ, ಶಹಾಪುರ, ಸುರಪುರದ ಸುತ್ತಲಿನ ಹಳ್ಳಿಗಳಿಗೆ ಈ ಆಸೆ ಹೊತ್ತು ಬರುವವರು ಹಲವು ಬಗೆ. ನಿವೃತ್ತಿಗೆ ಹತ್ತಿರವಾದ ಮೇಷ್ಟ್ರು, ಬೆಂಗಳೂರಿನಲ್ಲಿ ದುಡಿದು ಊರ ಕಡೆ ಮರಳಬೇಕೆನ್ನುವ ನೌಕರ, ಮಗನ ಹೆಸರಿನಲ್ಲಿ ಎರಡು ಎಕರೆ ಇರಲಿ ಎನ್ನುವ ವ್ಯಾಪಾರಿ. ಊರ ಅಗಸಿ, ಬೇವಿನ ಕಟ್ಟೆ, ಕಲ್ಲಿನ ಮಾಳಿಗೆ ಮನೆ, ಎದುರಿಗೆ ಜೋಳದ ಹೊಲ. ನೋಡಿದ ಕೂಡಲೇ ಮನಸ್ಸು ಸೋಲುತ್ತದೆ. ಮಾರುವವರೂ ಅಲ್ಲೇ ಇರುತ್ತಾರೆ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಮಗನ ಕಾಲೇಜು ಫೀಸು, ಮತ್ತೊಬ್ಬರಿಗೆ ಹಳೆಯ ಸಾಲ.

ಊರು ಶಾಂತವಾಗಿದೆ ಎಂದ ಮಾತ್ರಕ್ಕೆ ಅಲ್ಲಿನ ಆಸ್ತಿಯೂ ತಂಟೆಯಿಲ್ಲದ್ದು ಎಂದು ತಿಳಿಯಬಾರದು. ಕಣ್ಣಿಗೆ ಕಾಣುವುದು ಮಣ್ಣು ಮತ್ತು ಗೋಡೆ. ಅದರ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬುದು ಕಾಣುವುದು ಕಾಗದದಲ್ಲಿ ಮಾತ್ರ. ಆ ಕಾಗದವನ್ನು ಓದಬಲ್ಲವರು ಇಂದು ಪ್ರತಿ ಮನೆಯಲ್ಲೂ ಇದ್ದಾರೆ: ಹೈಸ್ಕೂಲು, ಕಾಲೇಜು ಓದುವ ನಮ್ಮ ಮಕ್ಕಳು.

ಸುರಪುರಕ್ಕೆ ಮನಸೋತ ಸಾಹೇಬರು

ಹೊರಗಿನಿಂದ ಬಂದು ಈ ನೆಲಕ್ಕೆ ಮನಸೋತವರ ಕಥೆ ಹೊಸದಲ್ಲ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನಕ್ಕೆ ಬಂದರು. ಎಳೆಯ ರಾಜ ವೆಂಕಟಪ್ಪ ನಾಯಕನ ಪಾಲನೆಯ ಹೊಣೆಯೂ ಸಂಸ್ಥಾನದ ಆಡಳಿತದ ಹೊಣೆಯೂ ಅವರ ಮೇಲೆ ಬಿದ್ದವು. ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂದೇ ಇಂದಿಗೂ ಹೆಸರಾಗಿದೆ. 1853ರವರೆಗೆ ಅವರು ಇಲ್ಲಿದ್ದರು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದು, ಸೆರೆಸಿಕ್ಕು, ಅದೇ ವರ್ಷ ತೀರಿಕೊಂಡ. ರಾಜ್ಯ ಹೋಯಿತು, ಮನೆ ಉಳಿಯಿತು.

ಟೇಲರ್ ಸಾಹೇಬರಿಗೆ ಪಹಣಿ ನೋಡುವ ಗೋಜಿರಲಿಲ್ಲ. ಆಡಳಿತವೇ ಅವರ ಕೈಯಲ್ಲಿತ್ತು. ನಮ್ಮ ನಿಮ್ಮಂಥವರಿಗೆ ಆ ಅನುಕೂಲವಿಲ್ಲ.

ಕಾಲುವೆ ಬಂದ ಮೇಲೆ

ಈ ಭಾಗದಲ್ಲಿ ಜಮೀನಿನ ಕೊಡುಕೊಳ್ಳುವಿಕೆಯ ದಿಕ್ಕನ್ನೇ ಬದಲಿಸಿದ್ದು ಕೃಷ್ಣೆಯ ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳತ್ತ ಹರಿಯಿತು. ಜೋಳ, ತೊಗರಿ, ಶೇಂಗಾ ಬೆಳೆಯುತ್ತಿದ್ದ ಎರಿ ಭೂಮಿಯಲ್ಲಿ ಭತ್ತದ ಗದ್ದೆಗಳು ಎದ್ದವು.

ನೀರಿನ ಹಿಂದೆಯೇ ಜನ ಬಂದರು. ನೀರಾವರಿ ಬೇಸಾಯದಲ್ಲಿ ಪಳಗಿದ ಆಂಧ್ರದ ರೈತ ಕುಟುಂಬಗಳು ಇಲ್ಲಿ ಜಮೀನು ಕೊಂಡವು, ಕೆಲವರು ಲೀಜಿಗೆ ಹಿಡಿದರು. ಹಳ್ಳಿಗಳ ಪಕ್ಕದಲ್ಲಿ ಅವರ ‘ಕ್ಯಾಂಪ್’ಗಳು ಹುಟ್ಟಿಕೊಂಡವು. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿಗಳಲ್ಲಿ ಅದಕ್ಕೂ ಮೊದಲೇ ನಡೆದದ್ದು ಇಲ್ಲಿಯೂ ನಡೆಯಿತು. ಬಂದವರು ಕಷ್ಟಪಟ್ಟು ನೆಲ ಸಮ ಮಾಡಿದರು, ಇಳುವರಿ ತೆಗೆದರು, ಅವರನ್ನು ದೂರಬೇಕಾದ್ದಿಲ್ಲ. ಆದರೆ ನೀರು ಬರುವ ಮೊದಲು ಒಣಭೂಮಿಯ ಬೆಲೆಗೆ ಹೊಲ ಮಾರಿಕೊಂಡ ಸ್ಥಳೀಯರಿಗೆ, ತಾವು ಏನು ಮಾರಿದೆವು ಎಂಬುದು ಕಾಲುವೆ ತುಂಬಿದ ಮೇಲೆ ತಿಳಿಯಿತು. ಕೊಳ್ಳುವವನಿಗೆ ಎಷ್ಟು ತಿಳಿವಳಿಕೆ ಬೇಕೋ ಮಾರುವವನಿಗೂ ಅಷ್ಟೇ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಇನ್ನೊಂದು ಪಾಠವೂ ಇದೆ. ಕಾಲುವೆ ಇದೆ ಎಂಬುದು ಬೇರೆ, ನೀರು ಬರುತ್ತದೆ ಎಂಬುದು ಬೇರೆ. ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ತಲುಪದಿರಬಹುದು. ಎರಡನೆಯ ಬೆಳೆಗೆ ನೀರು ಬಿಡುವುದು ಜಲಾಶಯದ ಸಂಗ್ರಹ ನೋಡಿ ನೀರಾವರಿ ಸಲಹಾ ಸಮಿತಿ ಕೈಗೊಳ್ಳುವ ತೀರ್ಮಾನಕ್ಕೆ ಬಿಟ್ಟದ್ದು. ತಗ್ಗಿನ ಎರಿ ಭೂಮಿಗೆ ನೀರು ಹೆಚ್ಚಾಗಿ ಜೌಗು ಹಿಡಿಯುವುದೂ, ಮೇಲೆ ಬಿಳಿ ಉಪ್ಪು ಕಟ್ಟಿ ಸವಳಾಗುವುದೂ ಉಂಟು. ಹೊಲವನ್ನು ಪೈರು ಹಸಿರಾಗಿದ್ದಾಗ ಒಮ್ಮೆ, ಬಿರುಬೇಸಿಗೆಯಲ್ಲಿ ಒಮ್ಮೆ ನೋಡಿ. ಪಕ್ಕದ ಹೊಲದವರನ್ನು ಮಾತಾಡಿಸಿ. ಮಾರುವವರು ಹೇಳದ ಸಂಗತಿಯನ್ನು ಅವರು ಹೇಳುತ್ತಾರೆ.

ಪಹಣಿಯ ಕಾಲಂಗಳು

ಈಗ ಕಾಗದಕ್ಕೆ ಬರೋಣ. ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದವು. ಇಂದು ಸರ್ವೆ ನಂಬರ್ ಗೊತ್ತಿದ್ದರೆ ಮನೆಯಲ್ಲೇ ಕುಳಿತು ನೋಡಬಹುದು. 9ನೆಯ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. 9ರಲ್ಲಿ ಒಬ್ಬರ ಹೆಸರು, 12ರಲ್ಲಿ ಮತ್ತೊಬ್ಬರ ಹೆಸರು ಇದ್ದರೆ ಅಲ್ಲೇ ನಿಂತು ಕಾರಣ ಕೇಳಬೇಕು. 9ರಲ್ಲಿ ಮೂವರ ಹೆಸರು ಜಂಟಿಯಾಗಿದ್ದರೆ ಒಬ್ಬರ ಸಹಿ ಸಾಲದು.

ಒಂದೇ ವರ್ಷದ ಪಹಣಿ ನೋಡಿ ತೃಪ್ತಿಪಡಬೇಡಿ. ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕರ್ನಾಟಕಕ್ಕೆ ಸೇರಿದ್ದು. ಹಳೆಯ ದಾಖಲೆಗಳು ಉರ್ದುವಿನಲ್ಲಿರುವುದು ಸಾಮಾನ್ಯ. ಜಮೀನು ಒಂದು ಕಾಲಕ್ಕೆ ಇನಾಮಾಗಿತ್ತೇ, ಗೇಣಿದಾರರಿಗೆ ಬಂದದ್ದೇ, ಸರ್ಕಾರ ಮಂಜೂರು ಮಾಡಿದ್ದೇ ಎಂಬುದು ಹಿಂದಿನ ದಾಖಲೆಗಳಿಂದಲೇ ತಿಳಿಯಬೇಕು. ಉರ್ದು ಬಲ್ಲ ಹಿರಿಯರಿಂದ ಓದಿಸಿ, ಮುಖ್ಯ ಅಂಶಗಳನ್ನು ಬರೆದುಕೊಳ್ಳಿ.

ಮಂಜೂರಾದ ಜಮೀನಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಮುಂಗಡ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಹಾಗೆ ಕೊಂಡರೆ ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಬಹುದು. 2023ರ ತಿದ್ದುಪಡಿಯು, ಮರಳಿ ಕೇಳಲು ಕಾಲಮಿತಿ ಅಡ್ಡಬಾರದು ಎಂದು ಸ್ಪಷ್ಟಪಡಿಸಿತು. ಬಡವರ ನೆಲ ಉಳ್ಳವರ ಕೈಸೇರದಿರಲಿ ಎಂಬುದು ಈ ಕಾನೂನಿನ ಉದ್ದೇಶ. ಅದನ್ನು ಗೌರವಿಸುವುದು ಕೊಳ್ಳುವವರ ಹಿತಕ್ಕೂ ಒಳ್ಳೆಯದು.

ರೈತರಲ್ಲದವರು ಕೃಷಿ ಜಮೀನು ಕೊಳ್ಳಲು ಹಿಂದೆ ಇದ್ದ ನಿರ್ಬಂಧಗಳನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿತು. ಆದರೆ ಹೊಲವನ್ನು ಮನಬಂದಂತೆ ಬಳಸಬಹುದು ಎಂದು ಅದರ ಅರ್ಥವಲ್ಲ. ಮನೆ ಕಟ್ಟಲು ಕೃಷಿಯೇತರ ಪರಿವರ್ತನೆ, ಅಂದರೆ ನಮ್ಮ ಕಡೆ ‘ಎನ್.ಎ.’ ಎನ್ನುವುದು, ಆಗಿರಲೇಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಸರ್ವೆ ಇಲಾಖೆಯ 11-ಇ ನಕ್ಷೆ ಬೇಕು. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದು, ಹಿಂದಿನ ಮಾರಾಟ, ಒತ್ತೆಗಳನ್ನು ತಾಳೆ ನೋಡಬೇಕು.

‘ಕಾಗದ ಯಾಕ್ರೀ, ಊರೇ ಸಾಕ್ಷಿ ಅದ’ ಎನ್ನುವವರು ಸಿಗುತ್ತಾರೆ. ಬಾಂಡ್ ಪೇಪರಿನ ಮೇಲೆ ಬರೆಸಿ, ಐದು ಜನರ ಸಹಿ ಹಾಕಿಸಿ, ಹಣ ಕೊಟ್ಟು ಬಿಡುವವರೂ ಇದ್ದಾರೆ. ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು. ನೋಂದಣಿಯಾಗದ ಕಾಗದ ಹಣ ಕೊಟ್ಟದ್ದಕ್ಕೆ ಗುರುತಾದೀತು, ಒಡೆತನ ಕೊಡಲಾರದು.

ಮನೆಯ ಮಗಳ ಸಹಿ

ಹಳ್ಳಿಯ ಆಸ್ತಿ ಬಹುಮಟ್ಟಿಗೆ ಪಿತ್ರಾರ್ಜಿತ. ಹಿರಿಯಣ್ಣ ವ್ಯವಹಾರ ಮಾತಾಡುತ್ತಾನೆ, ತಮ್ಮಂದಿರು ತಲೆಯಾಡಿಸುತ್ತಾರೆ. ಅಕ್ಕತಂಗಿಯರನ್ನು ಕೇಳುವವರೇ ಇಲ್ಲ. ಕರ್ನಾಟಕವು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡುವ ತಿದ್ದುಪಡಿಯನ್ನು 1994ರಲ್ಲೇ ತಂದಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ ಇಡೀ ದೇಶಕ್ಕೆ ಅದನ್ನು ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದ್ದರಿಂದ ವಂಶವೃಕ್ಷ ನೋಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಪ್ಪಿಗೆ ಇದೆಯೇ ಎಂದು ಕೇಳಿ. ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದಕ್ಕಿಂತ ಇಂದು ನಾಲ್ಕು ಊರಿಗೆ ಹೋಗಿ ಬರುವುದು ಲೇಸು.

ಅಪ್ರಾಪ್ತ ಮಕ್ಕಳ ಹೆಸರಿನಲ್ಲೇ ಇರುವ ಆಸ್ತಿಯನ್ನು ಹಿಂದೂ ಕುಟುಂಬದ ತಂದೆತಾಯಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದರೆ, ಮಕ್ಕಳು ಆ ಮಾರಾಟವನ್ನು ಪ್ರಶ್ನಿಸಬಹುದು. ಇದು ವಿದ್ಯಾರ್ಥಿಗಳೂ ತಿಳಿದಿರಬೇಕಾದ ಸಂಗತಿ.

ಬೀಗ ಬಿದ್ದ ಮನೆಗಳು

ಹೊಲಕ್ಕೆ ಪಹಣಿಯಾದರೆ, ಊರೊಳಗಿನ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11. ಇವುಗಳ ಜತೆಗೆ ಚಕ್ಕುಬಂದಿಯನ್ನು ಜಾಗದಲ್ಲೇ ನಿಂತು ಅಳೆಯಿರಿ. ಎರಡು ಮನೆಗೆ ಒಂದೇ ಗೋಡೆಯೇ? ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳುತ್ತದೆ? ದನಕರು ಹೋಗುವ ದಾರಿ ಯಾರದು? ಮಣ್ಣಿನ ಮಾಳಿಗೆ ಮಳೆಗಾಲಕ್ಕೆ ಮೊದಲು ಆರೈಕೆ ಬೇಡುತ್ತದೆ. ಎರಿ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ತಳಪಾಯ ಆಳಕ್ಕೆ ಹೋಗಿದೆಯೇ ನೋಡಬೇಕು. ಜಿಲ್ಲೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್, ಆರ್ಸೆನಿಕ್ ಕಂಡುಬಂದಿವೆ. ಕೊಳವೆಬಾವಿಯ ನೀರು ಪರೀಕ್ಷೆ ಮಾಡಿಸದೆ ಮನೆ ಕೊಳ್ಳಬೇಡಿ.

ನಮ್ಮ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳು ಕಾಣುವುದು ಗುಳೆಯಿಂದ. ಬೆಂಗಳೂರು, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೋ ಜಾತ್ರೆಗೋ ಮರಳುತ್ತಾರೆ. ಬೀಗ ಬಿದ್ದಿದೆ ಎಂದರೆ ವಾರಸುದಾರರಿಲ್ಲ ಎಂದಲ್ಲ. ಮೆಡಿಟರೇನಿಯನ್ ಸಮುದ್ರತೀರದ ನಾಡುಗಳಲ್ಲೂ ಇದೇ ಕಥೆ. ಇಟಲಿಯ ಸಿಸಿಲಿ ದ್ವೀಪದ ಸಾಂಬುಕಾ ಎಂಬ ಊರಿನಿಂದ ಜನ ವಲಸೆ ಹೋಗಿ ಮನೆಗಳು ಹಾಳುಬಿದ್ದಾಗ, 2019ರಲ್ಲಿ ಅಲ್ಲಿನ ಪುರಸಭೆ ಒಂದು ಯೂರೋ ಮೂಲಬೆಲೆಗೆ ಮನೆಗಳನ್ನು ಮಾರಾಟಕ್ಕಿಟ್ಟಿತು. ಮೂರು ವರ್ಷದೊಳಗೆ ದುರಸ್ತಿ ಮಾಡಿಸಬೇಕೆಂಬ ಷರತ್ತಿತ್ತು. ಬೆಲೆ ಅಗ್ಗ, ದುರಸ್ತಿ ದುಬಾರಿ! ಸ್ಪೇನಿನ ಅಲ್ಮೇರಿಯಾ ಪ್ರಾಂತದಲ್ಲಿ ನಿವೃತ್ತ ಬ್ರಿಟಿಷ್ ದಂಪತಿ ಪುರಸಭೆಯ ಪರವಾನಗಿ ಪಡೆದೇ ಮನೆ ಕಟ್ಟಿದ್ದರು. ಆ ಪರವಾನಗಿಯೇ ಸರಿಯಲ್ಲವೆಂದಾಗಿ 2008ರಲ್ಲಿ ಅವರ ಮನೆಯನ್ನು ಕೆಡವಲಾಯಿತು. ಸ್ಥಳೀಯ ಸಂಸ್ಥೆ ಕೊಟ್ಟ ಒಂದೇ ಕಾಗದವನ್ನು ನಂಬಿ ಕೂರಬಾರದು ಎಂಬ ಮಾತು ಅಲ್ಲಿಗೂ ಒಂದೇ, ಇಲ್ಲಿಗೂ ಒಂದೇ.

ಪಾಲಕರಿಗೆ ಎರಡು ಮಾತು

ಮಕ್ಕಳ ಓದಿಗಾಗಿ ಹೊಲ ಮಾರುವ ಯೋಚನೆಯಲ್ಲಿರುವ ಪಾಲಕರು ಮೊದಲು ಬೇರೆ ದಾರಿಗಳನ್ನು ನೋಡಲಿ. ವಿದ್ಯಾರ್ಥಿವೇತನ, ಶೈಕ್ಷಣಿಕ ಸಾಲ ಇವೆ. ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಆಸ್ತಿ ಅಡವಿಡದೆ ಸಾಲ ಕೊಡಿಸುವ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಮಾರಲೇಬೇಕಾದರೆ ಆತುರದಲ್ಲಿ ಮಾರಬೇಡಿ. ಸೀಟು ಹಂಚಿಕೆಯ ವಾರದಲ್ಲಿ ಕೊಳ್ಳುವವನು ಹೇಳಿದ್ದೇ ಬೆಲೆ.

ಹೊರಗಿನಿಂದ ಬಂದು ಕೊಳ್ಳುವ ಪಾಲಕರಿಗೂ ಒಂದು ಮಾತು. ಇಲ್ಲಿ ಎರಡು ಎಕರೆ ಕೊಂಡರೆ ಮಕ್ಕಳಿಗೆ 371(ಜೆ) ಮೀಸಲಾತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂವಿಧಾನದ ಆ ವಿಧಿಯು ಹುಟ್ಟು ಅಥವಾ ವಾಸವನ್ನು ಆಧಾರವಾಗಿ ಹೇಳುತ್ತದೆ, ಖರೀದಿ ಪತ್ರವನ್ನಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ವಾರ ನಿಮ್ಮದೇ ಮನೆಯ ಪಹಣಿಯನ್ನೋ ನಮೂನೆ 9ನ್ನೋ ತೆಗೆದು ಅಪ್ಪ-ಅವ್ವನ ಎದುರು ಗಟ್ಟಿಯಾಗಿ ಓದಿ. ತೀರಿಹೋದ ಅಜ್ಜನ ಹೆಸರು ಇನ್ನೂ ಉಳಿದಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿಸಿ. ತೀರಿದ ಸಾಲ 11ನೆಯ ಕಾಲಂನಲ್ಲಿ ಹಾಗೇ ಇದ್ದರೆ ಬ್ಯಾಂಕಿನಿಂದ ಪತ್ರ ತಂದು ತೆಗೆಸಿ. ಒಂದು ಎಕರೆಗೆ 40 ಗುಂಟೆ. ಕಾಗದದ ಲೆಕ್ಕಕ್ಕೂ ಅಳತೆಯ ಲೆಕ್ಕಕ್ಕೂ ತಾಳೆಯಾಗುತ್ತದೆಯೇ ನೋಡಿ. ನಾಳೆ ಯಾರಾದರೂ ಹೊಲ ಕೊಳ್ಳಲು ಇಲ್ಲವೇ ಮಾರಲು ಮನೆಗೆ ಬಂದು ಚಹಾ ಕುಡಿಯುತ್ತ ಕೂತಾಗ, ಸಂಚಕಾರದ ಹಣ ಕೈಬದಲಾಗುವ ಮೊದಲು ನೀವು ಕೇಳಬೇಕಾದ ಪ್ರಶ್ನೆಗಳು ನಿಮಗೆ ತಾವಾಗಿಯೇ ಹೊಳೆಯುತ್ತವೆ.