ಬಾಗಿಲ ಮೇಲಣ ಚಿತ್ರ

ಇಂಡಿ ತಾಲೂಕಿನ ತಾಂಬಾದಂತಹ ಊರಿನಿಂದ ದೊಡ್ಡ ರೋಗಕ್ಕೆ ಚಿಕಿತ್ಸೆಯನ್ನರಸಿ ಹೊರಡುವವನ ಮುಂದೆ ದಾರಿಗಳು ಹಲವು. ವಿಜಯಪುರಕ್ಕೆ ಹೋಗಬಹುದು, ಭೀಮಾನದಿಯನ್ನು ದಾಟಿ ಸೊಲ್ಲಾಪುರಕ್ಕೆ ಹೋಗಬಹುದು, ಅಲ್ಲಿಯೂ ಗುಣ ಕಾಣದಿದ್ದರೆ, 1894ರಲ್ಲಿ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು ಸ್ಥಾಪಿಸಿದ ಆಸ್ಪತ್ರೆಯಿಂದ ಹೆಸರಾದ ಮಿರಜಕ್ಕೂ ಹೋಗಬಹುದು. ಊರಿನ ಕಟ್ಟೆಯಲ್ಲಿ ಕನ್ನಡ ಪತ್ರಿಕೆಯನ್ನು ನಿರರ್ಗಳವಾಗಿ ಓದಿ ಹೇಳುವಾತನು, ಶಾಲೆಯಲ್ಲಿ ಕಲಿತ ದೇವನಾಗರಿಯನ್ನು ಮರೆತಿದ್ದಲ್ಲಿ, ನದಿಯ ಆಚೆ, ಮರಾಠಿ ಹಲಗೆಗಳ ದವಾಖಾನೆಯ ಮೊಗಸಾಲೆಯಲ್ಲಿ ಅನಕ್ಷರಸ್ಥರ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಈಚೆಯ ದಡದಲ್ಲಾದರೂ ಅವನ ಸ್ಥಿತಿ ಬಹಳ ಉತ್ತಮವೆನ್ನಲಾಗದು. ಏಕೆಂದರೆ ‘ರೇಡಿಯಾಲಜಿ’, ‘ನೆಫ್ರಾಲಜಿ’ ಎಂಬ ಹಲಗೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿದ ಮಾತ್ರಕ್ಕೆ ಅವುಗಳ ಅರ್ಥ ಕನ್ನಡಿಗನಿಗೆ ಹೊಳೆಯುವುದಿಲ್ಲ.

ಅಕ್ಷರ ಸೋತಲ್ಲಿ ಚಿತ್ರ ಗೆಲ್ಲಬೇಕೆಂಬ ಆಲೋಚನೆ ಹೊಸದಲ್ಲ. 1925ರಲ್ಲಿ ವಿಯೆನ್ನಾ ನಗರದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಗಳನ್ನು ಕುರಿತ ಸಂಗ್ರಹಾಲಯವೊಂದನ್ನು ತೆರೆದ ಒಟ್ಟೊ ನಾಯ್‌ರಾಟ್ ಎಂಬ ತತ್ತ್ವಜ್ಞನು, ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದನ ನೆರವಿನಿಂದ, ಮುಂದೆ ‘ಐಸೊಟೈಪ್’ ಎಂದು ಪ್ರಸಿದ್ಧವಾದ ಚಿತ್ರಭಾಷೆಯನ್ನು ರೂಪಿಸಿದನು. ಅಮೆರಿಕದ ಸಾರಿಗೆ ಇಲಾಖೆ 1974ರಲ್ಲಿ ಮೂವತ್ತನಾಲ್ಕು ಚಿಹ್ನೆಗಳನ್ನು ಪ್ರಕಟಿಸಿ, 1979ರ ವೇಳೆಗೆ ಅವನ್ನು ಐವತ್ತಕ್ಕೆ ಏರಿಸಿತು. ನಮ್ಮ ನಿಲ್ದಾಣಗಳ ಶೌಚಾಲಯದ ಮೇಲೆ ಕಾಣುವ ಗುಂಡುತಲೆಯ ಮನುಷ್ಯಾಕೃತಿ ಆ ವಂಶದ್ದೇ. ಆದರೆ ನಿಲ್ದಾಣದ ಸಂಕೇತಕಾರನ ಕೆಲಸ ಸುಲಭ: ಸಾಮಾನು, ಬಸ್ಸು, ಊಟ ಇವಕ್ಕೆಲ್ಲ ಕಣ್ಣಿಗೆ ಕಾಣುವ ಆಕಾರವಿದೆ. ನರರೋಗ ವಿಭಾಗಕ್ಕೆ ಆಕಾರವೆಲ್ಲಿಯದು? ವೈದ್ಯರು ತಮ್ಮ ಶಾಸ್ತ್ರದ ಅನುಕೂಲಕ್ಕಾಗಿ ಮಾಡಿಕೊಂಡ ವಿಂಗಡಣೆ ಅದು. ರೋಗಿಯಾದರೋ ಶಾಸ್ತ್ರವನ್ನು ಹೊತ್ತು ಬರುವುದಿಲ್ಲ, ನೋವನ್ನು ಹೊತ್ತು ಬರುತ್ತಾನೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ‘ಹಬ್ಲಾಮೋಸ್ ಹುಂಟೋಸ್’ ಎಂಬ ಯೋಜನೆಯವರು ಆಸ್ಪತ್ರೆಗಳಿಗೆಂದೇ ಇಪ್ಪತ್ತೆಂಟು ಚಿಹ್ನೆಗಳನ್ನು ಸಿದ್ಧಗೊಳಿಸಿ, ಅವನ್ನು ಬೇರೆಬೇರೆ ಭಾಷೆಯ ಜನರ ಮುಂದಿಟ್ಟು ಪರೀಕ್ಷಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ.

ಚಿತ್ರವನ್ನು ಯಾರಾದರೂ ಓದಬಲ್ಲರೆಂಬ ನಂಬಿಕೆ ಅರ್ಧಸತ್ಯ. ಚಿತ್ರವೂ ರೂಢಿಯಿಂದ ಕಲಿಯುವ ಲಿಪಿಯೇ. ಒಂದು ಸೀಮೆಯ ರೂಢಿ ಇನ್ನೊಂದರಲ್ಲಿ ವಿಪರೀತಾರ್ಥವನ್ನು ಕೊಡಬಲ್ಲುದು. ಪಾಶ್ಚಾತ್ಯರ ಔಷಧಶಾಲೆಗಳ ಮೇಲೆ ಬಟ್ಟಲಿಗೆ ಸುತ್ತಿಕೊಂಡ ಹಾವೊಂದು ಇರುತ್ತದೆ. ಅದು ಗ್ರೀಕರ ಆರೋಗ್ಯದೇವತೆ ಹೈಜಿಯಾಳ ಲಾಂಛನ. ಹೊಲದಲ್ಲಿ ಹಾವಿನ ಭಯದೊಡನೆಯೇ ದುಡಿಯುವ ನಮ್ಮ ರೈತನು ಅದನ್ನು ಕಂಡರೆ, ಹಾವು ಕಚ್ಚಿದವರನ್ನು ಒಯ್ಯುವ ಖೋಲಿಯೆಂದು ಭಾವಿಸಿದಲ್ಲಿ ಅವನನ್ನು ಹಳಿಯುವಂತಿಲ್ಲ. ಎಲುಬಿನ ಚಿತ್ರ ತೆಗೆಯುವ ಕೋಣೆಗೆ ತಲೆಬುರುಡೆಯನ್ನು ಬರೆದರೆ, ವಿದ್ಯುತ್ ಕಂಬದ ಮೇಲಣ ಅಪಾಯದ ತಗಡನ್ನು ನಿತ್ಯವೂ ನೋಡಿದವರು ಆ ಬಾಗಿಲಿನಿಂದ ದೂರ ಸರಿಯುವರು. ಬೆರಳು ಹರವಿದ ಕೈಯ ಎಲುಬುಗಳೇ ಅಲ್ಲಿಗೆ ಉಚಿತ.

ಎಲ್ಲಕ್ಕಿಂತ ವಿಚಾರಾರ್ಹವಾದುದು ಕೆಂಪು ತ್ರಿಕೋನದ ಪ್ರಸಂಗ. ಕುಟುಂಬ ಯೋಜನೆಯ ಪ್ರಚಾರಕ್ಕಾಗಿ ಕೇಂದ್ರ ಸರಕಾರವು 1960ರ ದಶಕದಲ್ಲಿ ತುದಿ ಕೆಳಗಾದ ಕೆಂಪು ತ್ರಿಕೋನವನ್ನು ಗೋಡೆಗೋಡೆಗಳ ಮೇಲೆ ಬರೆಯಿಸಿತು. ಆ ಆಕೃತಿಗೂ ಸಂತತಿಗೂ ಸಹಜ ಸಂಬಂಧವೇನೂ ಇಲ್ಲ. ಪುನರಾವರ್ತನೆಯ ಬಲವೊಂದರಿಂದಲೇ ಅದು ಹಳ್ಳಿಹಳ್ಳಿಗೂ ಪರಿಚಿತವಾಯಿತು. ಇತ್ತ 1971ರ ಕೀಟನಾಶಕ ನಿಯಮಗಳ ಮೇರೆಗೆ ಪ್ರತಿಯೊಂದು ವಿಷದ ಡಬ್ಬಿಯ ಮೇಲೂ ಓರೆಯಾಗಿ ನಿಲ್ಲಿಸಿದ ಚೌಕವೊಂದಿರಬೇಕು. ಅದರ ಕೆಳಗಣ ಅರ್ಧವು ಅತಿತೀಕ್ಷ್ಣ ವಿಷಕ್ಕೆ ಕೆಂಪು, ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸಿರು. ಆ ಕೆಳಗಣ ಅರ್ಧವಾದರೂ ಏನು? ತುದಿ ಕೆಳಗಾದ ತ್ರಿಕೋನವೇ! ದ್ರಾಕ್ಷಿ ಲಿಂಬೆಗಳಿಗೆ ಎಣ್ಣೆ ಹೊಡೆಯುವ ಈ ನಾಡಿನಲ್ಲಿ ಒಂದೇ ಕೆಂಪು ತ್ರಿಕೋನವು ದವಾಖಾನೆಯ ಗೋಡೆಯ ಮೇಲೆ ಸುಖಸಂಸಾರವನ್ನೂ, ಹೊಲದ ಬದುವಿನ ಮೇಲಿಟ್ಟ ಡಬ್ಬಿಯಲ್ಲಿ ಮರಣವನ್ನೂ ಸೂಚಿಸುತ್ತ ಬಂದಿದೆ. ಆದರೂ ಈ ಎರಡನ್ನು ಜನರು ಬೇರೆಯಾಗಿಯೇ ಗ್ರಹಿಸುವುದಾದರೆ ಅದು ಸ್ಥಾನಬಲದಿಂದ. ಚಿಹ್ನೆಯ ಅರ್ಥದಲ್ಲಿ ಅದು ನಿಂತಿರುವ ಜಾಗಕ್ಕೆ ಎಷ್ಟು ಪಾಲಿದೆಯೆಂಬುದನ್ನು ಚಿತ್ರಕಾರರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಂಗವನ್ನು ಬರೆಯುವುದೋ, ಆ ಅಂಗದ ಬಾಧೆಯಿಂದ ನರಳುವವನನ್ನು ಬರೆಯುವುದೋ ಎಂಬ ಪ್ರಶ್ನೆಯಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಕಣ್ಣು, ಕಿವಿಗಳು ಹೊರಗೆ ಕಾಣುವ ಅಂಗಗಳಾದುದರಿಂದ ತಾವೇ ಮಾತನಾಡುತ್ತವೆ. ಬೇರುಸಹಿತ ಬರೆದ ಹಲ್ಲಿಗಿಂತ ಕೆನ್ನೆಗೆ ಕೈಯಾನಿಸಿ ಕುಳಿತ ಮನುಷ್ಯನು ಬೇಗ ಅರ್ಥವಾಗುತ್ತಾನೆ. ಮೂತ್ರಪಿಂಡವನ್ನು ಒಂಟಿಯಾಗಿ ಬರೆದರೆ ಅದು ಅವರೆಯ ಕಾಳಾಗುವುದು, ಮನುಷ್ಯನ ಬೆನ್ನ ಕೆಳಭಾಗದಲ್ಲಿಟ್ಟರೆ ಮಾತ್ರ ಅಂಗವಾಗುವುದು. ಹೆರಿಗೆಯ ವಿಭಾಗಕ್ಕೆ ಸೆರಗು ಹೊದ್ದ ಗರ್ಭಿಣಿಯ ಪಾರ್ಶ್ವಾಕೃತಿ ಸಾಕು. ರಕ್ತದ ಹನಿಯೊಂದು ಮಾತ್ರ ನಿಜವಾದ ತೊಡಕು: ರಕ್ತ ಕೊಡುವ ಜಾಗವೋ, ರಕ್ತ ಪರೀಕ್ಷಿಸುವ ಜಾಗವೋ, ಗಾಯಕ್ಕೆ ಪಟ್ಟಿ ಕಟ್ಟುವ ಜಾಗವೋ ಎಂದು ಮೂರು ರೀತಿಯಲ್ಲಿಯೂ ಅದನ್ನು ಓದಬಹುದು. ಬಾಣದ ಗುರುತೂ ಹಾಗೆಯೇ, ಮೇಲ್ಮುಖವಾದ ಬಾಣ ನೇರ ಹೋಗೆನ್ನುತ್ತದೆಯೋ ಮಹಡಿ ಹತ್ತೆನ್ನುತ್ತದೆಯೋ ತಿಳಿಯದು. ಇನ್ನು ಆಸ್ಪತ್ರೆಯೆಂದರೆ ಕೆಂಪು ಶಿಲುಬೆಯೆಂಬ ಅಭ್ಯಾಸವನ್ನಂತೂ ಬಿಡಲೇಬೇಕು. 1864ರ ಜಿನೀವಾ ಒಪ್ಪಂದದಿಂದ ಅದು ಯುದ್ಧದಲ್ಲಿ ಗಾಯಾಳುಗಳನ್ನು ಶುಶ್ರೂಷಿಸುವವರ ರಕ್ಷಣಾಚಿಹ್ನೆಯಾಯಿತು, ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಮ್ಮ ದೇಶದ 1960ರ ಕಾಯಿದೆ ನಿಷೇಧಿಸುತ್ತದೆ.

ಇಂತಿರಲು, ಚಿತ್ರ ತಿಳಿಯುತ್ತದೆಯೋ ಇಲ್ಲವೋ ಎಂಬುದನ್ನು ಚಿತ್ರಕಾರನೂ ವೈದ್ಯನೂ ನಿರ್ಣಯಿಸಲಾಗದು. ಸುರಕ್ಷತಾಚಿಹ್ನೆಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಮಾನಕವು ನೂರರಲ್ಲಿ 67 ಜನರಾದರೂ ಸರಿಯಾಗಿ ಗ್ರಹಿಸಬೇಕೆನ್ನುತ್ತದೆ. ಅಮೆರಿಕದ ಮಾನಕವು 85 ಜನರನ್ನು ಕೇಳುತ್ತದೆ, ಅಪಾಯಕರವಾದ ತಪ್ಪರ್ಥ ಮಾಡಿಕೊಳ್ಳುವವರು ಐದನ್ನು ಮೀರಬಾರದೆಂದೂ ವಿಧಿಸುತ್ತದೆ. 2007ರಲ್ಲಿ ವಿಕಿರಣದ ಅಪಾಯಕ್ಕೆ ಹೊಸ ಚಿಹ್ನೆ ಹೊರಟಾಗ, ಭಾರತವೂ ಸೇರಿ ಹನ್ನೊಂದು ದೇಶಗಳ 1,650 ಮಂದಿಯ ಮುಂದೆ ಅದನ್ನು ಪರೀಕ್ಷಿಸಲಾಗಿತ್ತು. ನಮ್ಮ ಸೀಮೆಯಲ್ಲಿ ಇಂಥ ಪರೀಕ್ಷೆ ನಡೆಸುವವರು ಸ್ಥಳೀಯ ಸೌಜನ್ಯವನ್ನು ಗಮನದಲ್ಲಿಡಬೇಕು. “ತಿಳೀತೇನ್ರಿ ಯಜ್ಜಾ?” ಎಂದು ಕೇಳಿದರೆ ಹಿರಿಯನು “ಹೌದ್ರಿ, ತಿಳೀತ್ರಿ” ಎಂದು, ಕೇಳಿದವನ ಮನಸ್ಸು ನೋಯದಿರಲೆಂದೇ, ಹೇಳಿಬಿಡುವನು. “ಈ ಚಿತ್ರ ಇದ್ದ ಖೋಲಿಗೆ ಎಂಥಾ ಜಡ್ಡಿನವ್ರು ಹೋಗಬೇಕ್ರಿ?” ಎಂದು ಕೇಳಿ, ಉತ್ತರವನ್ನು ಹೇಳಿಕೊಡದೆ ಕಾಯ್ದು, ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ತಾಂಡಾಗಳ ಲಂಬಾಣಿ ಹೆಂಗಸರನ್ನೂ, ಕಣ್ಣಿಗೆ ಪೊರೆ ಬಂದ ವೃದ್ಧರನ್ನೂ ಬಿಟ್ಟು ನಡೆಸಿದ ಪರೀಕ್ಷೆ ಅಪೂರ್ಣ.

ಎಷ್ಟು ಶ್ರಮಿಸಿದರೂ ತಾವಾಗಿ ತಿಳಿಯದ ವಿಭಾಗಗಳು ಕೆಲವು ಉಳಿದೇ ಉಳಿಯುತ್ತವೆ. ಅಲ್ಲಿ ನಮ್ಮ ಚುನಾವಣೆಯ ಅನುಭವ ಉಪಯೋಗಕ್ಕೆ ಬರುವುದು. 1951ರಲ್ಲಿ ದೇಶದ ಸಾಕ್ಷರತೆ ನೂರಕ್ಕೆ ಸುಮಾರು ಹದಿನೆಂಟಿದ್ದಾಗ ನಡೆದ ಮೊದಲ ಮಹಾಚುನಾವಣೆಯಲ್ಲಿ, ಪ್ರತಿಯೊಬ್ಬ ಅಭ್ಯರ್ಥಿಗೂ ಅವನವನ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯಿತ್ತು. ಆ ಚಿಹ್ನೆಯ ಅರ್ಥವೇನೆಂದು ಮತದಾರನು ಊಹಿಸಬೇಕಾಗಿರಲಿಲ್ಲ. ಪ್ರಚಾರದಲ್ಲಿ ಕಂಡದ್ದನ್ನು ಪೆಟ್ಟಿಗೆಯ ಮೇಲೆ ಗುರುತಿಸಿದರೆ ಸಾಕಿತ್ತು. ಅರ್ಥೈಸುವುದಕ್ಕಿಂತ ಹೊಂದಿಸುವುದು ಬಹಳ ಸುಲಭ. 1969ರಲ್ಲಿ ತೆರೆದ ಮೆಕ್ಸಿಕೋ ನಗರದ ಸುರಂಗ ರೈಲಿಗೆ ಲ್ಯಾನ್ಸ್ ವೈಮನ್ ನಿಲ್ದಾಣಕ್ಕೊಂದರಂತೆ ಚಿತ್ರ ಕೊಟ್ಟುದೂ ಇದೇ ತತ್ತ್ವದ ಮೇಲೆ.

ಆಸ್ಪತ್ರೆಯಲ್ಲಿ ಇದಕ್ಕೆ ಬೇಕಾದ ಸಾಧನ ರಬ್ಬರಿನ ಮುದ್ರೆ ಮಾತ್ರ. ಚೀಟಿ ಬರೆಯುವ ಗುಮಾಸ್ತನು ರೋಗಿಯನ್ನು ಯಾವ ವಿಭಾಗಕ್ಕೆ ಕಳಿಸುವನೋ ಅದರ ಚಿತ್ರವನ್ನು ಚೀಟಿಯ ಮೂಲೆಯಲ್ಲಿ ಒತ್ತಿದರೆ, ಅದೇ ಚಿತ್ರ ತಿರುವುತಿರುವಿನ ಗೋಡೆಯ ಮೇಲೂ ಕೊನೆಗೆ ಬಾಗಿಲ ಮೇಲೂ ಇದ್ದರೆ, ಮರಾಠಿ ಬಾರದವನೂ ಅಕ್ಷರ ಬಾರದವಳೂ ಕೈಯಲ್ಲಿರುವುದನ್ನು ಗೋಡೆಯ ಮೇಲಿರುವುದರೊಡನೆ ಹೋಲಿಸುತ್ತ ನಡೆಯಬಹುದು. ಗೋಡೆಯ ಚಿತ್ರಕ್ಕೂ ಚೀಟಿಯ ಚಿತ್ರಕ್ಕೂ ಗೆರೆಯಷ್ಟೂ ಭೇದವಿರಕೂಡದು; ಬಣ್ಣವೊಂದನ್ನೇ ನೆಚ್ಚುವುದೂ ಸಲ್ಲದು, ಕೆಂಪು ಹಸಿರುಗಳ ಭೇದ ಕಾಣದ ಪುರುಷರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ವಿಭಾಗವು ಬೇರೊಂದು ಕಟ್ಟಡಕ್ಕೆ ಸ್ಥಳಾಂತರವಾದಾಗ ಹಲಗೆಯನ್ನು ಒಯ್ಯುವವರು ಹಾದಿಯ ಬಾಣಗಳನ್ನು ಹಾಗೆಯೇ ಬಿಟ್ಟುಹೋಗುವುದು ಎಲ್ಲೆಲ್ಲಿಯೂ ಕಾಣುವ ಸಂಗತಿಯಾದ ಕಾರಣ, ಹಳೆಯ ಬಾಣಗಳಿಗೆ ಸುಣ್ಣ ಬಳಿಯುವ ಕೆಲಸವನ್ನೂ ಸ್ಥಳಾಂತರದ ಆದೇಶದಲ್ಲಿಯೇ ಬರೆದಿಡತಕ್ಕದ್ದು.