ಹೆಸರು ಚಿಕ್ಕದು, ಚಿತ್ರವೇ ಸಾಕ್ಷಿ

ನಮ್ಮ ಮೆಟ್ರಿಗೆ ಬರುವ ನೆಂಟರು ಎರಡನ್ನು ತಪ್ಪದೆ ಕೇಳುತ್ತಾರೆ: ಹಂಪಿಯ ಕಲ್ಲು, ದರೋಜಿಯ ಕರಡಿ. ಅವರ ಕೊರಳಲ್ಲಿ ತೂಗುವ ಕ್ಯಾಮರಾಗಳ ಮೇಲೆ ಸಾಮಾನ್ಯವಾಗಿ ಎರಡು ಮೂರು ಹೆಸರುಗಳೇ ಕಾಣುತ್ತವೆ. ಒಮ್ಮೆ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಒಬ್ಬ ತರುಣನ ಬಳಿ ನಾನು ಕೇಳರಿಯದ ಹೆಸರಿನ ಕ್ಯಾಮರಾ ಕಂಡೆ. ‘ಇದು ಯಾವುದಪ್ಪಾ?’ ಎಂದೆ. ‘ಹೆಸರು ಬಿಡಿ ಸಾರ್, ಚಿತ್ರ ನೋಡಿ’ ಎಂದ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲಿಯೇ ಅಡಗಿದೆ.

ದೊಡ್ಡ ಕಂಪನಿ ಹಣ ಸುರಿದು ತನ್ನ ಹೆಸರನ್ನು ಊರೂರಿಗೆ ಮುಟ್ಟಿಸಬಲ್ಲದು. ಚಿಕ್ಕ ಕಂಪನಿಗೆ ಆ ಬಲವಿಲ್ಲ. ಹಾಗಾದರೆ ಅದು ಗಿರಾಕಿಯನ್ನು ತಲುಪುವುದು ಹೇಗೆ?

ಇದಕ್ಕೊಂದು ಹಳೆಯ ನಿದರ್ಶನವಿದೆ. 1991ರಲ್ಲಿ ವಿಯೆನ್ನಾದ ಕೆಲವು ವಿದ್ಯಾರ್ಥಿಗಳಿಗೆ ಪ್ರಾಗ್ ನಗರದಲ್ಲಿ ಸೋವಿಯತ್ ದೇಶದ ‘ಲೋಮೋ ಎಲ್‌ಸಿ-ಎ’ ಎಂಬ ಪುಟ್ಟ ಕ್ಯಾಮರಾ ಸಿಕ್ಕಿತು. ಅದರ ಚಿತ್ರಗಳ ಅಂಚು ಮಬ್ಬಾಗುತ್ತಿತ್ತು, ಬಣ್ಣ ಗಾಢವಾಗುತ್ತಿತ್ತು. ಅನ್ಯರು ದೋಷವೆನ್ನುತ್ತಿದ್ದುದನ್ನು ಇವರು ಸೊಗಸೆಂದರು. 1992ರಲ್ಲಿ ಒಂದು ಸಂಘ ಕಟ್ಟಿದರು. 1994ರಲ್ಲಿ ಮಾಸ್ಕೋ ಮತ್ತು ನ್ಯೂಯಾರ್ಕ್‌ಗಳಲ್ಲಿ ಚಿತ್ರಪ್ರದರ್ಶನ ನಡೆಸಿದರು. ನಿಲ್ಲುವುದರಲ್ಲಿದ್ದ ಆ ಕ್ಯಾಮರಾದ ತಯಾರಿಕೆ 2005ರವರೆಗೂ ಮುಂದುವರಿಯಿತು. ಅದಕ್ಕೆ ಆಯಸ್ಸು ತಂದವರು ಬಳಸಿದವರೇ.

ಇತ್ತೀಚಿನದು ಪೆಂಟಾಕ್ಸ್ ಕಥೆ. ಜಪಾನಿನ ಈ ಸಂಸ್ಥೆ 2022ರ ಡಿಸೆಂಬರಿನಲ್ಲಿ, ಫಿಲಂ ಕ್ಯಾಮರಾವನ್ನು ಮತ್ತೆ ತಯಾರಿಸುವ ಯೋಚನೆಯಿದೆ ಎಂದು ಅಂತರಜಾಲದಲ್ಲಿಯೇ ತಿಳಿಸಿತು. ಹಳೆಯ ಕುಶಲತೆಯನ್ನು ಹೊಸ ತಲೆಮಾರಿಗೆ ದಾಟಿಸುವುದೆಷ್ಟು ಕಷ್ಟವೆಂಬುದನ್ನು ಅದರ ವಿನ್ಯಾಸಕಾರರೇ ವೀಡಿಯೊಗಳಲ್ಲಿ ಹೇಳಿಕೊಂಡರು. 2024ರ ಜೂನ್‌ನಲ್ಲಿ ‘ಪೆಂಟಾಕ್ಸ್ 17’ ಹೊರಬಂದಿತು. 36 ಚಿತ್ರಗಳ ಸುರುಳಿಯಲ್ಲಿ 72 ಅರ್ಧಚಿತ್ರ ತೆಗೆಯುವ ಕ್ಯಾಮರಾ ಅದು. ಸರಕು ಅಂಗಡಿಗೆ ಬರುವ ಮೊದಲೇ ಅದರ ಕಥೆ ಜನರ ಕೈ ಸೇರಿತ್ತು.

ಈ ಉಪಾಯವನ್ನು ನಮ್ಮ ನೆಲಕ್ಕೆ ತಂದು ನೋಡೋಣ. ದರೋಜಿಯಲ್ಲಿ ಕರಡಿಗಳು ಬಂಡೆಯ ಮೇಲೆ ಬರುವುದು ಇಳಿಹೊತ್ತಿಗೆ. ಕ್ಯಾಮರಾದ ಬೆಳಕಿನ ಮಾಪಕವು ತಾನು ಕಂಡದ್ದನ್ನೆಲ್ಲ ನಡುಬೂದಿಯೆಂದು ಎಣಿಸುತ್ತದೆ. ಕರಿಯ ಕರಡಿ ಚೌಕಟ್ಟನ್ನು ತುಂಬಿದರೆ, ಬೆಳಕು ಸಾಲದೆಂದು ಭ್ರಮಿಸಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಕರಡಿ ಬೂದಿಬಣ್ಣವಾಗುತ್ತದೆ, ಬಂಡೆ ಬಿಳಿಚಿಕೊಳ್ಳುತ್ತದೆ. ಆಗ ಬೆಳಕನ್ನು ನಾವೇ ತುಸು ತಗ್ಗಿಸಬೇಕು. ಚಿಕ್ಕ ಕಂಪನಿಯೊಂದು ತನ್ನ ಕ್ಯಾಮರಾದಲ್ಲಿ ಇದನ್ನು ಮಾಡುವ ಬಗೆಯನ್ನು, ಕೆಟ್ಟ ಚಿತ್ರ ಒಳ್ಳೆಯ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ಕನ್ನಡದಲ್ಲಿ ಬರೆದು ತನ್ನ ತಾಣದಲ್ಲಿ ಇಟ್ಟರೆ? ಕೊಟ್ಟ ಹಣ ತೀರಿದೊಡನೆ ಜಾಹೀರಾತು ಮಾಯವಾಗುತ್ತದೆ. ಆದರೆ ‘ಕರಡಿಯ ಫೋಟೋ ತೆಗೆಯುವುದು ಹೇಗೆ’ ಎಂದು ಹುಡುಕುವವನಿಗೆ ಇಂಥ ಬರಹ ವರ್ಷಗಳ ಬಳಿಕವೂ ದೊರೆಯುತ್ತದೆ.

ಪಕ್ಕಪಕ್ಕ ಇಟ್ಟು ತೋರಿಸುವ ಬಲವನ್ನು ಹಂಪಿ ಆಗಲೇ ಕಂಡಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿನ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರಿಸಿದರು. ಎರಡನ್ನೂ ಒಟ್ಟಿಗೆ ನೋಡಿದವನಿಗೆ ಕಾಲದ ಕೈಚಳಕವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿಯೇಕೆ?

ಇನ್ನೊಂದು ಅಗ್ಗದ ದಾರಿ, ಕ್ಯಾಮರಾವನ್ನು ಸ್ಥಳೀಯ ಛಾಯಾಗ್ರಾಹಕರಿಗೆ ಕೆಲವು ದಿನ ಎರವಲು ಕೊಡುವುದು. ಇಲ್ಲಿ ಒಂದು ಎಚ್ಚರ ಬೇಕು. ಉಚಿತವಾಗಿ ಪಡೆದು ಹೊಗಳುವವರು ಆ ಸಂಬಂಧವನ್ನು ಮುಚ್ಚಿಡದೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆಗಳನ್ನು ಹೊರಡಿಸಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಇದು ಮರ್ಯಾದೆಯ ಮಾತೂ ಹೌದು. ಹಾಗೆಯೇ, ವಿರೂಪಾಕ್ಷನ ಸನ್ನಿಧಿಗೆ ಬಂದ ಮುದುಕಿಯ ಮುಖ ಎಷ್ಟೇ ಚೆಲುವಾಗಿರಲಿ, ಆಕೆಯನ್ನು ಕೇಳದೆ ಜಾಹೀರಾತಿಗೆ ಬಳಸುವುದು ಸಲ್ಲದು.

ಕಡೆಯದಾಗಿ ನನ್ನದೊಂದು ಅನುಭವ. ಕೆಲವು ವರ್ಷಗಳ ಹಿಂದೆ ಅಷ್ಟೇನೂ ಹೆಸರಿಲ್ಲದ ಒಂದು ಕ್ಯಾಮರಾವನ್ನು ಅಕ್ಕರೆಯಿಂದ ಕೊಂಡೆ. ಎರಡನೆಯ ವರ್ಷ ಅದರ ಷಟರ್ ಕಚ್ಚಿಕೊಂಡಿತು. ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಅದರ ಚಿತ್ರಗಳನ್ನು ಇಂದಿಗೂ ಮೆಚ್ಚುತ್ತೇನೆ, ಆದರೆ ‘ಕೊಳ್ಳಲೇ?’ ಎಂದು ಕೇಳಿದವರಿಗೆಲ್ಲ ‘ಬೇಡ’ ಎಂದೇ ಹೇಳಿದ್ದೇನೆ. ನಾಲ್ಕು ಸಾಲಿನ ಒಂದು ಉತ್ತರಕ್ಕೆ ತಗಲುತ್ತಿದ್ದ ವೆಚ್ಚ ಎಷ್ಟು? ಅದನ್ನು ಉಳಿಸಿದ ಕಂಪನಿ ಎಷ್ಟು ಗಿರಾಕಿಗಳನ್ನು ಕಳೆದುಕೊಂಡಿತೋ!

ಗೋಪುರದ ಆ ತರುಣ ತನ್ನ ಚಿತ್ರ ತೋರಿಸಿದ್ದ. ಸಂಜೆಬಿಸಿಲಲ್ಲಿ ತಾಯಿಕರಡಿ, ಬೆನ್ನ ಮೇಲೆ ಮರಿ. ಕಪ್ಪು ಕಪ್ಪಾಗಿಯೇ ಇತ್ತು. ಕ್ಯಾಮರಾದ ಹೆಸರನ್ನು ನಾನೇ ಮತ್ತೆ ಕೇಳಿ ಬರೆದುಕೊಂಡೆ.